ಬಲಕ್ಕ ಸುತ್ತಿದ ಕ್ಯಾಮೆರಾ

ಚಿತ್ತಾಪುರದ ರಘುವೀರ ಕ್ಯಾಮೆರಾ ಹೆಗಲ ಮ್ಯಾಲ ಇಟ್ಟನಂದ್ರ ಒಂದು ಕಡಿ ನಿಂದ್ರೋ ಪೈಕಿ ಅಲ್ಲ. ಮದುಮಕ್ಕಳು ಸುಮ್ಮ ಕುಂತಿರ್ತಾರ, ಮ್ಯಾಲ ಅಕ್ಕಿಕಾಳು ಬೀಳ್ತಿರ್ತಾವ, ಇಂವ ಮಾತ್ರ ಅವರ ಸುತ್ತ ಗಾಣದ ಎತ್ತಿನಂಗ ತಿರುಗತಿರ್ತಾನ. ವೈರ್ ಹಿಡದಾಂವ, ಲೈಟ್ ಹಿಡದಾಂವ ಇಬ್ಬರೂ ಅವನ ಬೆನ್ನ ಹತ್ತಿ ಓಡಬೇಕು. ಒಂದು ಸಲ ವಾಡಿಯಾಗ ಆ ವೈರ್ ಭಟ್ಟರ ಕಾಲಿಗಿ ಸುತ್ತಿಕೊಂಡು, ಭಟ್ಟರು ಮಂತ್ರ ಹೇಳ್ಕೋತನೇ ಹೋಮದಾಗ ಬೀಳೋರಿದ್ರು. ಯಾರೋ ಪುಣ್ಯಾತ್ಮರು ಹಿಡದ್ರು. ರಘುವೀರ ಅದನ್ನೂ ಶೂಟ್ ಮಾಡಿದ. ಅದನ್ನೂ ತಿರುಗಿಕೋತನೇ ಮಾಡಿದ.

ಅವನ ಕ್ಯಾಸೆಟ್ ನೋಡಿದ ಮಂದಿಗಿ ತಲಿ ತಿರುಗತಿತ್ತು. ಸೇಡಮದ ತುಳಜಾಬಾಯಿ ಅನ್ನೋ ಮುದುಕಿ ಮೊಮ್ಮಗನ ಲಗ್ನದ ಕ್ಯಾಸೆಟ್ ನೋಡಾಕ ಕುಂತು, ಅರ್ಧಕ್ಕ ಎದ್ದು ಹೋಗಿ ವಾಂತಿ ಮಾಡಿಕೊಂಡ್ಲು. "ಚಿಂಚೋಳಿ ಬಸ್ಸಿನ ಹಿಂದಿನ ಸೀಟಿನಾಗ ಕುಂತಂಗ ಆಯ್ತವ್ವ" ಅಂದ್ಲಂತ. ರಘುವೀರ ಈ ಮಾತನ್ನ ಊರೆಲ್ಲಾ ಹೇಳಿಕೋತ ಅಡ್ಡಾಡಿದ. ಅವನ ಲೆಕ್ಕದಾಗ ಅದು ಶಾಭಾಷಗಿರಿ.

ಶಹಾಬಾದದಾಗ ಶೌಕತ ಅಲಿ ಅಂತ ಇನ್ನೊಬ್ಬ ವಿಡಿಯೋದಾಂವ ಇದ್ದ. ಅವನ ಹೆಸರು ಎತ್ತಿದ್ರ ರಘುವೀರನ ಮೂಗು ಸೊಟ್ಟ ಆಗ್ತಿತ್ತು. ಶೌಕತ ಅಲಿ ಕ್ಯಾಮೆರಾನ ಮೂರು ಕಾಲಿನ ಸ್ಟ್ಯಾಂಡ್ ಮ್ಯಾಲ ಇಟ್ಟು, ಬಟನ್ ಒತ್ತಿ, ಪಾನ್ ಹಾಕ್ಕೊಳ್ಳಾಕ ಹೊರಗ ಹೋಗತಿದ್ದ. ಬಂದು ನೋಡೂದ್ರಾಗ ತಾಳಿ ಕಟ್ಟಿ ಮುಗದಿರತಿತ್ತು. ಅಂವ ಕಲಾಕಾರನೂ ಅಲ್ಲ, ಕೆಲಸದಾಂವನೂ ಅಲ್ಲ, ಶುದ್ಧ ಮೈಗಳ್ಳ.

"ಅದು ಕ್ಯಾಮೆರಾನೇನು? ಹೊಲದಾಗಿನ ಬೆದರಗೊಂಬಿ" ಅಂತಿದ್ದ ರಘುವೀರ. "ಕ್ಯಾಮೆರಾ ನಿಂತಿತಂದ್ರ ಅದು ಹೆಣ."

ಸುತ್ತೋದ್ರಾಗೂ ಅವನದು ಒಂದು ನೇಮ ಇತ್ತು. ಗುಡಿ ಸುತ್ತಿದಂಗ ಬಲಕ್ಕೇ ಸುತ್ತಬೇಕು. ಮದುಮಕ್ಕಳು ಯಾವಾಗಲೂ ಅವನ ಬಲಭುಜದ ಕಡೀನೇ ಇರಬೇಕು. ಎಡಕ್ಕ ಸುತ್ತೋದು ಸ್ಮಶಾನದಾಗ. ಇದನ್ನ ಹೇಳಿಕೊಟ್ಟಾಂವ ಅವನ ಅಪ್ಪ, ಪ್ರಾಣೇಶರಾಯರು.

ಪ್ರಾಣೇಶರಾಯರು ಅಂದ್ರ ರಿಟೈರ್ ಆದ ವಿಜ್ಞಾನದ ಮಾಸ್ತರು. ಅವರ ವಿಜ್ಞಾನ ಹ್ಯಾಂಗಂದ್ರ, ಪುಸ್ತಕದಾಗಿಂದು ಹಲಗಿ ಮ್ಯಾಲ ಬರಿಯೋದು, ಹಲಗಿ ಮ್ಯಾಲಿಂದು ಹುಡುಗುರ ಕಡಿಂದ ಬರಸೋದು, ಬರದದ್ದು ಬಾಯಿಗಿ ಬರದಿದ್ರ ಛಡಿ ತಗೊಳ್ಳೋದು. ಸಾಲಿಯ ಸೂಕ್ಷ್ಮದರ್ಶಕಕ್ಕ ಕೀಲಿ ಹಾಕಿ, ಕೀಲಿ ತಮ್ಮ ಜನಿವಾರಕ್ಕ ಕಟ್ಟಿಕೊಂಡಿದ್ರು. ಹುಡುಗುರು ಮುಟ್ಟಿದ್ರ ಕೆಡ್ತದಂತ. ರಿಟೈರ್ ಆಗೋತನಕ ಅದು ಕೆಡಲಿಲ್ಲ. ಅದರಾಗ ಯಾರೂ ಏನೂ ನೋಡಲೂ ಇಲ್ಲ.

ಈ ಮನುಷ್ಯಾಗ ಮೂರು ಮಂದಿ ಗಂಡುಮಕ್ಕಳು. ಹಿರ್ಯಾ ಲೆಕ್ಚರರ್, ನಡುವಿನಾಂವ ತಹಶೀಲ ಆಫೀಸಿನಾಗ. ರಘುವೀರ ಸಣ್ಣಾಂವ, ಪಿಯುಸಿ ಸೈನ್ಸಿನಾಗ ಎರಡು ಸಲ ಡುಮ್ಕಿ ಹೊಡದು ಕ್ಯಾಮೆರಾ ಹಿಡದಾಂವ. ಮನಿಗಿ ಬೀಗರು ನೆಂಟರು ಬಂದ್ರ ರಾಯರು ಮಕ್ಕಳನ್ನ ತೋರಸತಿದ್ರು. "ಇಂವ ಲೆಕ್ಚರರ್. ಇಂವ ತಹಶೀಲ ಆಫೀಸ್. ಮತ್ತ ಇಂವ..." ಅಂತ ರಘುವೀರನ ಕಡಿ ನೋಡಿ ಜರಾ ತಡದು, "ಇಂವ ಇಲ್ಲೇ ಇರ್ತಾನ" ಅಂತಿದ್ರು.

ಆ "ಇಲ್ಲೇ ಇರ್ತಾನ" ಅನ್ನೋ ಮಾತು ರಘುವೀರನ ಗಂಟಲಾಗ ಮೀನಿನ ಮುಳ್ಳಿನಂಗ ಸಿಕ್ಕೊಂಡಿತ್ತು. ಮೀನು ತಿನ್ನದ ಮನಿಯಾಂವಗ ಮೀನಿನ ಮುಳ್ಳು ಎಲ್ಲಿಂದ ಗೊತ್ತು ಅಂತ ಕೇಳಬ್ಯಾಡ್ರಿ. ಸಿಕ್ಕೊಂಡಿತ್ತು, ಅಷ್ಟೇ. ಅಪ್ಪನ ಬಾಯಿಂದ ಒಂದು ಸಲ, ನಾಕು ಮಂದಿ ಮುಂದ, ಭೇಷ್ ಅನಿಸಿಕೊಳ್ಳಬೇಕು. ಅವನಿಗಿ ಬೇಕಾಗಿದ್ದು ಅದೊಂದೇ.

ಎರಡು ಸಾವಿರದ ಇಸವಿ ದಾಟಿದ ಮ್ಯಾಲ ಕ್ಯಾಸೆಟ್ ಹೋಗಿ ಸಿಡಿ ಬಂತು. ರಘುವೀರ ಹೈದರಾಬಾದಿಗಿ ಹೋಗಿ ಒಂದು ಕಂಪ್ಯೂಟರ್ ತಂದ. ಅದರಾಗ ತ್ರೀಡಿ ಚಿತ್ರ ಮಾಡೋ ಸಾಫ್ಟ್‌ವೇರ್ ಇತ್ತು. ಚಿತ್ರದಾಗಿನ ವಸ್ತುವಿನ ಸುತ್ತ ಕ್ಯಾಮೆರಾ ತಿರುಗಸಬಹುದು, ಮೋಡದ ಮ್ಯಾಲ ಹಾರಸಬಹುದು, ಸೂಜಿ ತೂತಿನಾಗ ನುಗ್ಗಸಬಹುದು. ವೈರ್ ಇಲ್ಲ, ಭಟ್ಟರ ಕಾಲಿಲ್ಲ. ಹುಚ್ಚಗ ಹೆಂಡ ಸಿಕ್ಕಂಗ ಆಯ್ತು. ಮದುಮಕ್ಕಳ ಹೆಸರು ಆಕಾಶದಿಂದ ಹಾರಿ ಬರೋದೇನು, ಗಣಪತಿ ಗಿರ್ ಗಿರ್ ತಿರುಗೋದೇನು, ಬಾಳೆಹಣ್ಣಿನ ಗೊನಿ ಒಳಗಿಂದ ಕ್ಯಾಮೆರಾ ಹೊಂಟು ಬೀಗರ ಮಾರಿ ಮ್ಯಾಲ ಇಳಿಯೋದೇನು!

ಆ ಕಂಪ್ಯೂಟರಿನಾಗ ಇನ್ನೊಂದು ಸೌಕರ್ಯ ಇತ್ತು. ಒಂದು ಬಟನ್ ಒತ್ತಿದ್ರ ಚಿತ್ರ ಕನ್ನಡಿಯಾಗ ಕಂಡಂಗ ಎಡಬಲ ಅದಲುಬದಲು ಆಗ್ತಿತ್ತು. ಕಾಳಗಿಯಾಗ ಒಂದು ಲಗ್ನದಾಗ ಹೊಸ ಸೊಸಿ ಗಾಬರಿಯಾಗಿ ಎಡಗೈಲೇ ಅತ್ತಿ ಹಣಿಗಿ ಕುಂಕುಮ ಹಚ್ಚಿಬಿಟ್ಟಿದ್ಲು. ಬೀಗರು ಅಪಶಕುನ ಅಂತ ಮಾರಿ ಗಂಟು ಹಾಕಿದ್ರು. ರಘುವೀರ ಬಟನ್ ಒತ್ತಿದ. ಎಡಗೈ ಬಲಗೈ ಆಯ್ತು, ಎಲ್ಲಾರೂ ಖುಷ್. ಹಿಂದಿನ ಬೋರ್ಡಿನ ಅಕ್ಷರ ಉಲ್ಟಾ ಆಗಿದ್ವು, ಸೊಸಿ ಸೆರಗು ಬಲಭುಜಕ್ಕ ಹೋಗಿತ್ತು. ಯಾರೂ ನೋಡಲಿಲ್ಲ.

ಇಂಥಾ ಟೈಮಿನಾಗ ಸೇಡಮದ ಒಂದು ಕಾಲೇಜಿನಿಂದ ವಿಜಯಶ್ರೀ ಮೇಡಂ ಅವನ ಅಂಗಡಿಗಿ ಬಂದ್ಲು. ಅಕಿ ಜೀವಶಾಸ್ತ್ರ ಕಲಸಾಕಿ. ನಗು ಅನ್ನೋದನ್ನ ಪ್ಯಾಟಿಯಾಗ ಮರತು ಬಂದಂಥಾ ಮಾರಿ. ಕುಂದ್ರಿ ಅಂದ್ರ ಕುಂದರಲಿಲ್ಲ, ಚಾ ಅಂದ್ರ ಬ್ಯಾಡ ಅಂದ್ಲು.

"ಡಿಎನ್‌ಎ ಗೊತ್ತೇನ್ರಿ ನಿಮಗ?"

"ಕೇಳೀನ್ರಿ ಮೇಡಂ."

ಕೇಳಿದ್ದು ಹೆಸರಷ್ಟೇ. ಮೇಡಂ ಹೇಳಿದ್ಲು. ನಮ್ಮ ಮೈಯಾಗ ಕಣ್ಣಿಗಿ ಕಾಣದಷ್ಟು ಸಣ್ಣ ಎಳಿ ಇರ್ತದ. ಹಗ್ಗದ ನಿಚ್ಚಣಿಕಿ ಹಿಡದು ತಿರುವಿದಂಗ. ಅಪ್ಪನ ಮೂಗು ಮಗಗ ಬರೋದು ಅದರಿಂದನೇ. ಆ ನಿಚ್ಚಣಿಕಿ ನಡುವ ಬಿಚ್ಚಿ ಎರಡಾಗ್ತದ, ಒಂದೊಂದು ಅರ್ಧಕ್ಕೂ ಹೊಸಾ ಅರ್ಧ ಬಂದು ಕುಂದರತದ. ಪುಸ್ತಕದಾಗ ಚಿತ್ರ ಅದ, ಆದ್ರ ಅಲ್ಲಾಡಂಗಿಲ್ಲ. ಹುಡುಗುರಿಗಿ ಎಷ್ಟು ಹೇಳಿದ್ರೂ ತಲಿಗಿ ಹೋಗಂಗಿಲ್ಲ. ವಿಜ್ಞಾನ ಪ್ರದರ್ಶನದಾಗ ಇದನ್ನ ಪಡದಿ ಮ್ಯಾಲ ತೋರಸಬೇಕು. ಚಂದ ಬಂತಂದ್ರ ಸುತ್ತಲಿನ ತಾಲೂಕಿನ ಕಾಲೇಜುಗಳಿಗೆಲ್ಲಾ ಉಳಿದ ಪಾಠದ ಸಿಡಿನೂ ಅವನೇ ಮಾಡಬೇಕು.

ಲೆಕ್ಚರರ್ ಅಣ್ಣನ ಕಾಲೇಜಿನಾಗೂ ತನ್ನ ಸಿಡಿ ಓಡ್ತದ! ರಘುವೀರಗ ಖುರ್ಚಿ ಮ್ಯಾಲ ಕುಂದರಾಕ ಆಗಲಿಲ್ಲ.

"ಕ್ಯಾಮೆರಾ ಹ್ಯಾಂಗಿರಬೇಕಂದ್ರ" ಅಂದ್ಲು ಮೇಡಂ, "ಮೊದಲು ದೂರದಿಂದ ತೋರಸ್ರಿ. ಆಮ್ಯಾಲ ಸಾವಕಾಶ ಹತ್ರ ಹೋಗ್ರಿ. ಹೋಗಿ ನಿಂದ್ರಿ. ನೀವು ನಿಂತ ಮ್ಯಾಲೇ ಅದು ಬಿಚ್ಚಬೇಕು."

"ನಿಂದರಾಕ ಇದೇನು ಪಾಸ್‌ಪೋರ್ಟ್ ಫೋಟೋನೇನ್ರಿ ಮೇಡಂ? ಒಂದು ರೌಂಡ್ ಹೊಡಸ್ತೀನಿ ನೋಡ್ರಿ, ಮಂದಿ ಬಾಯಿ ತೆಗೀಬೇಕು."

"ಬಾಯಿ ತೆಗೆಯೋದು ಬ್ಯಾಡ್ರಿ. ಕ್ಯಾಮೆರಾನೂ ತಿರುಗಿ, ಎಳೀನೂ ಅಲ್ಲಾಡಿದ್ರ ಯಾವುದು ಅಲ್ಲಾಡತದ ಅಂತ ಹುಡುಗುರಿಗಿ ಹ್ಯಾಂಗ ತಿಳೀಬೇಕು? ಅಲ್ಲಿ ಹಿಂದ ಮಂಟಪ ಇರಂಗಿಲ್ಲ, ಮಂದಿ ಇರಂಗಿಲ್ಲ. ಬರೇ ಕತ್ತಲಿ."

ರಘುವೀರ ಹೂಂ ಅಂದ. ಮೇಡಂ ಬಾಗಿಲ ದಾಟಿದ್ದೇ ತಡ, ಒಳಗಿಂದ ಚಾ ತಂದ ಹೆಂಡತಿ ನರ್ಮದಾಗ ಅಂದ, "ಪಾಠ ಮಾಡೋರಿಗಿ ಕಲಾ ಏನು ತಿಳಿತದ? ಶೌಕತ ಅಲಿ ಕಡಿ ಹೋಗಬೇಕಾಗಿತ್ತು ಅಕಿ."

"ಅಕಿ ಹೇಳಿದಂಗ ಮಾಡ್ರೆಲಾ. ಪಾಠ ಅಕಿದು" ಅಂದ್ಲು ನರ್ಮದಾ.

"ನೀ ಚಾ ಕೊಡು."

ಖರೆ ಹೇಳಬೇಕಂದ್ರ, ನಿಚ್ಚಣಿಕಿ ಅಂವ ಚಂದ ಮಾಡಿದ. ಮೇಡಂ ಕೊಟ್ಟ ಚಿತ್ರ ಮುಂದಿಟ್ಟುಕೊಂಡು ಒಂದೊಂದೇ ಮೆಟ್ಟಿಲು ಜೋಡಿಸಿದ. ಆದ್ರ ಕ್ಯಾಮೆರಾ ಹಚ್ಚೋ ಹೊತ್ತಿಗಿ ತನ್ನ ಹಳೇ ಚಟಕ್ಕ ಬಿದ್ದ. ಸುತ್ತ ಬಲಕ್ಕ ಪ್ರದಕ್ಷಿಣಿ ಹೊಡಸಿದ. ದೂರ ಓಡಿಸಿ, ಹತ್ರ ತಂದು, ಮತ್ತ ದೂರ ಓಡಿಸಿದ. ಮೆಟ್ಟಿಲ ನಡುವಿಂದ ಹಾರಿಸಿದ. ಹಿಂದ ಶಹನಾಯಿ ಹಚ್ಚಿದ.

ಕಂಪ್ಯೂಟರ್ ದಿನಗಟ್ಟಲೇ ಗುರ್ ಅಂದು ಚಿತ್ರ ಕಟ್ಟಿತು. ಕಟ್ಟಿ ಮುಗದ ದಿನ ಪ್ರಾಣೇಶರಾಯರು ಅಂಗಡಿಗಿ ಬಂದ್ರು. ಹಂಗ ಬರೋ ಮನುಷ್ಯಾ ಅಲ್ಲ. ಕಾಲೇಜಿನ ಕೆಲಸ ಅಂತ ನರ್ಮದಾ ಹೇಳಿದ್ದಕ್ಕ ಬಂದಿದ್ರು. ರಘುವೀರ ಖುರ್ಚಿ ಒರಸಿ ಕುಂದರಿಸಿ, ಚಿತ್ರ ಹಚ್ಚಿದ.

ರಾಯರು ಕನ್ನಡಕ ಏರಿಸಿ ನೋಡಿದ್ರು.

"ಏನೋ ಇದು? ಎಡಕ್ಕ ತಿರುಗಲಿಕತ್ತದಲ್ಲೋ!"

"ಇಲ್ಲಪ್ಪಾ, ಅದು ನಿಂತದ. ಕ್ಯಾಮೆರಾ ಅದರ ಸುತ್ತ ಬಲಕ್ಕ ಹೊಂಟದ. ಅದಕ್ಕ ಹಂಗ ಕಾಣತದ."

"ಕ್ಯಾಮೆರಾ ಎಲ್ಲ್ಯದ? ನನಗ ಕಾಣವಲ್ದು."

"ಕ್ಯಾಮೆರಾ ಕಾಣಂಗಿಲ್ಲಪ್ಪಾ..."

"ಕಾಣದ್ದು ಬಲಕ್ಕ ಹೋಗಲಿಕತ್ತದ, ಕಾಣೋದು ಎಡಕ್ಕ ತಿರುಗಲಿಕತ್ತದ. ಮಂದಿ ಯಾವುದು ನೋಡ್ತಾರ? ಜೀವದ ಮೂಲ ಅಂತೀ, ಹೆಣಕ್ಕ ಸುತ್ತಿದಂಗ ಸುತ್ತಸ್ತೀ. ಅದಕ್ಕೇ ನೀ ಎರಡೂ ಸಲ ಫೇಲಾಗಿದ್ದು."

ರಾಯರು ಎದ್ದು ಹೋದ್ರು. ವಿಜ್ಞಾನದ ಮಾಸ್ತರು! ಬಸ್ಸಿನಾಗ ಕುಂತು ಹೊರಗ ನೋಡಿದ್ರ ಗಿಡ ಹಿಂದಕ್ಕ ಓಡ್ತಾವ ಅನ್ನೋದು ಸಣ್ಣ ಕೂಸಿಗೂ ಗೊತ್ತಿರತದ. ಈ ಮನುಷ್ಯಾಗ ಗೊತ್ತಿರಲಿಲ್ಲ. ಇಲ್ಲಾ ಗೊತ್ತಿದ್ದೂ ಮಗನ ಮುಂದ ಗೊತ್ತು ಅನ್ನಾಕ ಮನಸಿರಲಿಲ್ಲ.

ಮತ್ತೊಮ್ಮಿ ಕ್ಯಾಮೆರಾ ತಿರುಗಿಸಿ ಚಿತ್ರ ಕಟ್ಟಾಕ ಟೈಮ್ ಇರಲಿಲ್ಲ. ಪ್ರದರ್ಶನ ಮುಂದ ಬಂದು ನಿಂತಿತ್ತು, ಕರೆಂಟ್ ಬಂದು ಹೋಗಿ ಮಾಡಲಿಕತ್ತಿತ್ತು. ರಘುವೀರಗ ಕಾಳಗಿ ಸೊಸಿ ನೆನಪಾದ್ಲು. ಬಟನ್ ಒತ್ತಿದ. ಎಡಕ್ಕ ತಿರುಗೋದು ಬಲಕ್ಕ ತಿರುಗಿತು. ಮ್ಯಾಲ ಹೆಸರು ಹಚ್ಚಿದ, ಸಿಡಿ ತೆಗದ, ಕೈ ಝಾಡಿಸಿಕೊಂಡು ಎದ್ದ.

ಪ್ರದರ್ಶನದ ದಿನ ಅಪ್ಪ ಮಗ ಪ್ಯಾಸೆಂಜರ್ ಗಾಡಿ ಹತ್ತಿ ಸೇಡಮಕ್ಕ ಹೋದ್ರು. ಮಳಖೇಡ ದಾಟಿದ ಮ್ಯಾಲ ರಾಯರು "ಸರಿ ಮಾಡಿಯೇನು?" ಅಂತ ಕೇಳಿದ್ರು.

"ಮಾಡೀನಪ್ಪಾ."

ಕಾಲೇಜಿನ ಹಾಲಿನಾಗ ಕಿಟಕಿಗೆಲ್ಲಾ ಕಂಬಳಿ ಕಟ್ಟಿ ಕತ್ತಲಿ ಮಾಡಿದ್ರು. ಹುಡುಗುರು ಫರಸಿ ಮ್ಯಾಲ ಕುಂತಿದ್ರು, ಮುಂದಿನ ಖುರ್ಚಿ ಮ್ಯಾಲ ಪ್ರಿನ್ಸಿಪಾಲರು, ರಾಯರು. ಶಹನಾಯಿ ಊದಿತು. ನಿಚ್ಚಣಿಕಿ ಬಂತು. ತಿರುಗಿತು, ತಿರುಗಿತು, ಓಡಿ ಬಂತು, ಓಡಿ ಹೋಯ್ತು, ಮೆಟ್ಟಿಲೆಲ್ಲಾ ಮಾರಿ ಮ್ಯಾಲ ಬಂದಂಗಾಗಿ ಮುಂದಿನ ಸಾಲಿನ ಹುಡುಗುರು ಹಿಂದಕ್ಕ ಸರದ್ರು. ಅದು ನಡುವ ಬಿಚ್ಚಿ ಎರಡಾಗೋ ಹೊತ್ತಿಗಿ ಕ್ಯಾಮೆರಾ ಮ್ಯಾಲಿಂದ ಗಿರಕಿ ಹೊಡೀಲಿಕತ್ತಿತ್ತು. ಬಿಚ್ಚಿದ್ದು ಯಾರಿಗೂ ಕಾಣಲಿಲ್ಲ.

ಮುಗೀತು. ಚಪ್ಪಾಳಿ ಅಂದ್ರ ಚಪ್ಪಾಳಿ. ಪ್ರಿನ್ಸಿಪಾಲರು ಸಿನಿಮಾಕ್ಕಿಂತ ಭಾರಿ ಅಂದ್ರು. ಆ ಮನುಷ್ಯಾಗ ತಿಳದಿದ್ದು ಶಹನಾಯಿ ಒಂದೇ.

ಪ್ರಾಣೇಶರಾಯರು ಎದ್ದು ನಿಂತ್ರು. ಹಿಂದಕ್ಕ ಹೊಳ್ಳಿ, ಎಲ್ಲಾರಿಗೂ ಕೇಳೂವಂಗ ಅಂದ್ರು, "ಭೇಷ್! ಇಂವ ನನ್ನ ಮಗ. ಡೈರೆಕ್ಟರ್."

ರಘುವೀರನ ಕಣ್ಣಾಗ ನೀರು ಬಂತು. ಕತ್ತಲಾಗ ಯಾರಿಗೂ ಕಾಣಲಿಲ್ಲ, ಕಂಬಳಿ ತೆಗೆಯೂದ್ರಾಗ ಒರಸಿಕೊಂಡ.

ವಿಜಯಶ್ರೀ ಮೇಡಂ ಚಪ್ಪಾಳಿ ಹೊಡದಿರಲಿಲ್ಲ. ಹುಡುಗುರ ಕಡಿ ಹೊಳ್ಳಿ ಕೇಳಿದ್ಲು, "ರಾಧಿಕಾ, ಏಳು. ಏನು ನೋಡಿದಿ?"

"ಡಿಎನ್‌ಎ ತಿರುಗತದ್ರಿ ಮೇಡಂ."

"ಯಾಕ ತಿರುಗತದ?"

ಹುಡುಗಿ ಯೋಚನಿ ಮಾಡಿದ್ಲು. "ರಕ್ತ ಕಡಿಯಾಕ ಇರಬೇಕ್ರಿ. ಮಜ್ಜಿಗಿ ಕಡದಂಗ."

ಹಾಲೆಲ್ಲಾ ನಕ್ಕಿತು. ಇನ್ನೊಬ್ಬ, ಸಾಯಿಕುಮಾರ ಅನ್ನಾಂವ, ಕರಿಯೂಕಿಂತ ಮೊದಲೇ ಎದ್ದ. "ಮೇಡಂ, ಒಮ್ಮಿ ಸಣ್ಣದಾಗತದ್ರಿ, ಒಮ್ಮಿ ಆನಿಯಷ್ಟು ಆಗತದ್ರಿ. ಅದು ಉಸುರು ತಗೋತದೇನ್ರಿ?"

"ಎರಡಾಗಿದ್ದು ಯಾರು ನೋಡಿದ್ರಿ?"

ಯಾರೂ ಕೈ ಎತ್ತಲಿಲ್ಲ.

ಮೇಡಂ ರಘುವೀರನ ಕಡಿ ಬಂದ್ಲು. ಇನ್ನೊಮ್ಮಿ ಹಚ್ಚರಿ ಅಂದ್ಲು. ಹಚ್ಚಿದ. ನಡುವ ನಿಲ್ಲಸ್ರಿ ಅಂದ್ಲು. ನಿಲ್ಲಿಸಿದ. ಕ್ಯಾಮೆರಾ ಮೊದಲನೇ ಸಲ ಸುಮ್ಮ ನಿಂತಿತು. ಮೇಡಂ ಬಲಗೈ ಮುಂದ ಹಿಡದು, ಹೆಬ್ಬೆಟ್ಟು ಮ್ಯಾಲ ಮಾಡಿ, ಉಳಿದ ಬೆರಳು ಮಡಚಿದ್ಲು.

"ನೋಡ್ರಿ. ಎಳಿ ಹಿಡದು ಬೆರಳು ಸುತ್ತಿದ ಕಡಿ ಹೋದ್ರ ಹೆಬ್ಬೆಟ್ಟಿನ ಕಡಿ ಏರಬೇಕು. ಮುಂದ ಕಾಣೋ ಎಳಿ ತೆಳಗ ಎಡದಿಂದ ಮ್ಯಾಲ ಬಲಕ್ಕ ಹೋಗಬೇಕು. ಇಲ್ಲಿ ಉಲ್ಟಾ ಅದ. ನಾ ಕೊಟ್ಟ ಚಿತ್ರದಾಗ ಬರೋಬ್ಬರಿ ಇತ್ತು."

"ತಿರುಗೋದು ಬಲಕ್ಕೇ ತಿರುಗತದಲ್ರಿ..." ಅಂದ ರಘುವೀರ.

"ಯಾವ ಕಡಿ ತಿರುಗಿಸಿದ್ರೂ ಸುತ್ತು ಬದಲಾಗಂಗಿಲ್ರಿ. ಸ್ಕ್ರೂ ತಿರುಗಿಸಿ ನೋಡ್ರಿ ಬೇಕಂದ್ರ. ಕನ್ನಡಿಯಾಗ ನೋಡಿದ್ರ ಅಷ್ಟೇ ಬದಲಾಗತದ. ನೀವು ಇದನ್ನ ಕನ್ನಡಿ ಮಾಡೀರೇನು?"

ಬಗಲಿಗೇ ರಾಯರು ನಿಂತಿದ್ರು. ಅವರೇ ಬಾಯಿ ಹಾಕಿದ್ರು. "ನೋಡವ್ವಾ, ನಾನೂ ವಿಜ್ಞಾನ ಕಲಸಿದಾಂವನೇ. ಬಲಕ್ಕ ತಿರುಗಬೇಕು, ತಿರುಗಲಿಕತ್ತದ. ಮತ್ತೇನು?"

"ನಿಮಗಲ್ರಿ ಸರ್ ಕೇಳಿದ್ದು. ರಘುವೀರ ಅವರೇ, ಕನ್ನಡಿ ಮಾಡಿದ್ದಿದ್ರ ಹೇಳ್ರಿ. ವಾಪಸ್ ಮಾಡೋಣ. ಕ್ಯಾಮೆರಾ ನಿಲ್ಲಿಸಿ ಇನ್ನೊಮ್ಮಿ ಮಾಡಿಕೊಡ್ರಿ. ನಿಚ್ಚಣಿಕಿ ಚಂದ ಮಾಡೀರಿ, ಮುಂದಿನ ಪಾಠ ನಿಮಗೇ ಕೊಡಸ್ತೀನಿ."

ಹೌದ್ರಿ ಅಂದ್ರ ಮುಗೀತಿತ್ತು. ಒಂದು ಬಟನಿನ ಮಾತು. ಆದ್ರ ಹೌದು ಅಂದ್ರ ಯಾಕ ಮಾಡಿದಿ ಅಂತ ಮುಂದಿನ ಮಾತು ಬರತದ. ಅಪ್ಪ ಹೇಳಿದ್ದಕ್ಕ ಮಾಡೀನಿ ಅನ್ನಬೇಕಾಗತದ. ಈಗಷ್ಟೇ ಭೇಷ್ ಅಂದ ಬಾಯಿ, ಅಷ್ಟು ಮಂದಿ ಮುಂದ, ಹುಡುಗುರ ಮುಂದ, ತೆಪ್ಪಗಾಗತದ. ಆ ಭೇಷೂ ವಾಪಸ್ ಹೋಗತದ.

ರಘುವೀರ ಅಪ್ಪನ ಮಾರಿ ನೋಡಿದ.

"ಇಲ್ರಿ ಮೇಡಂ. ಏನೂ ಮಾಡಿಲ್ಲ. ಅದು ಹಂಗೇ ಅದ."

ಮೇಡಂ ಸಿಡಿ ತೆಗದು ಅವನ ಕೈಯಾಗ ಇಟ್ಟು, ಹುಡುಗುರನ್ನ ಸಾಲಾಗಿ ನಿಂದರಸಾಕ ಹೋದ್ಲು. ಬೈಯಲಿಲ್ಲ. ಬೈದಿದ್ರ ಅವನಿಗಿ ಜರಾ ಮರ್ಯಾದಿ ಕೊಟ್ಟಂಗ ಆಗತಿತ್ತು.

ಗಾಡಿಯಾಗ ವಾಪಸ್ ಬರೋವಾಗ ರಾಯರು ಎದುರಿಗಿ ಕುಂತ ಯಾರದೋ ಕೈಯಾಗ ಸಿಡಿ ಕೊಟ್ಟು ಹೊಳ್ಳಿಸಿ ಹೊಳ್ಳಿಸಿ ತೋರಿಸಿದ್ರು. "ನನ್ನ ಮಗ ಮಾಡಿದ್ದು. ಜೀವದ ಮೂಲ ಅದರಾಗ." ಆ ಮನುಷ್ಯಾ ಸಿಡಿಯಾಗ ತನ್ನ ಮಾರಿ ನೋಡಿಕೊಂಡು ತಲಿಗೂದಲ ಸರಿ ಮಾಡಿಕೊಂಡು ವಾಪಸ್ ಕೊಟ್ಟ. ರಘುವೀರ ಕಿಟಕಿ ಕಡಿ ಹೊಳ್ಳಿ, ತೊಡಿ ಮ್ಯಾಲ ಬಲಗೈ ಇಟ್ಟು ಹೆಬ್ಬೆಟ್ಟು ಎತ್ತಿದ, ಬೆರಳು ಮಡಚಿದ. ಆಮ್ಯಾಲ ಎಡಗೈ. ಚಿತ್ತಾಪುರ ಬರೋ ಹೊತ್ತಿಗಿ ಮೇಡಂ ಅಂದದ್ದೇ ಖರೆ ಅಂತ ಅವನಿಗಿ ಪಕ್ಕಾ ತಿಳದಿತ್ತು.

ಕೆಲಸ ಶೌಕತ ಅಲಿಗಿ ಹೋಯ್ತು. ಅವನ ಅಣ್ಣನ ಮಗ ಕಂಪ್ಯೂಟರ್ ಬಲ್ಲಾಂವ, ಚಿತ್ರ ಅಂವ ಮಾಡಿದ. ಹತ್ರ ಹೋದ ಮ್ಯಾಲ ಕ್ಯಾಮೆರಾ ಹ್ಯಾಂಗ ಇಡಬೇಕು ಅಂತ ಕೇಳಿದ್ರ ಶೌಕತ ಅಲಿ, "ಎಲ್ಲಿ ಅದನೋ ಅಲ್ಲೇ ಇರಲಿ ಬಿಡೋ, ಸುಮ್ಮ ಯಾಕ ತ್ರಾಸ" ಅಂದನಂತ. ಅವನಿಗಿ ಡಿಎನ್‌ಎನೂ ತಿಳೀಲಿಲ್ಲ, ಹುಡುಗುರೂ ತಿಳೀಲಿಲ್ಲ. ಅವನ ಮೈಗಳ್ಳತನ ಮೇಡಂಗ ಬೇಕಾದ ಅಳತಿಗೇ ಇತ್ತು, ಅಷ್ಟೇ.

ಒಂದು ದಿನ ರಘುವೀರ ಸೇಡಮದಾಗ ಲಗ್ನದ ಮಾತಿಗಿ ಹೋದಾಂವ ಕಾಲೇಜಿನ ಕಡಿ ಕಾಲು ಹಾಕಿದ. ಕಂಬಳಿ ಕಟ್ಟಿದ ಕಿಟಕಿ ಸಂದಿಯಿಂದ ನೋಡಿದ. ಕತ್ತಲಾಗ ಒಂದು ನಿಚ್ಚಣಿಕಿ, ದೂರ. ಸಾವಕಾಶ ಹತ್ರ ಬಂತು. ನಿಂತಿತು. ಶಹನಾಯಿ ಇಲ್ಲ, ಏನಿಲ್ಲ. ನಿಂತಲ್ಲೇ ಅದು ನಡುವ ಬಿಚ್ಚಿತು, ಅಂಗಿ ಗುಂಡಿ ಬಿಚ್ಚಿದಂಗ, ಒಂದೊಂದೇ. ಎಡಗಡಿ ಅರ್ಧಕ್ಕ ಒಂದು ತುಣುಕು ಬಂದು ಕುಂತಿತು, ಬಲಗಡಿ ಅರ್ಧಕ್ಕ ಒಂದು. ರಾಧಿಕಾ ಅನ್ನೋ ಆ ಹುಡುಗಿ ಒಮ್ಮಿಗೇ ಕೂಗಿದ್ಲು, "ಏ, ಒಂದಿದ್ದದ್ದು ಎರಡಾಯ್ತು ನೋಡ್ರೇ!"

ರಘುವೀರನೂ ನೋಡಿದ. ಅಂವ ಒಂದೊಂದೇ ಮೆಟ್ಟಿಲು ಜೋಡಿಸಿದಾಂವ, ಅದು ಬಿಚ್ಚೋದನ್ನ ಅಂವ ನೋಡಿದ್ದು ಅವತ್ತೇ.

ಮನಿಗಿ ಬಂದ. ರಾಯರು ಜಗಲಿ ಮ್ಯಾಲ ಅಡಿಕಿ ಕತ್ತರಿಸಿಕೋತ ಕುಂತಿದ್ರು.

"ಸೇಡಮಕ್ಕ ಹೋಗಿದ್ದಿಯಂತಲ್ಲ. ಆ ಶೌಕತ ಅಲಿದು ನೋಡಿದ್ಯೇನು? ಹ್ಯಾಂಗದ?"

ರಘುವೀರ ಚಪ್ಪಲಿ ಬಿಟ್ಟ. ಖರೆ ಹೇಳಾಕ ನಾಚಬೇಕಂದ್ರ ಜಗಲಿ ಮ್ಯಾಲ ಬ್ಯಾರೆ ಯಾರೂ ಇರಲಿಲ್ಲ. ಬೀಗರಿಲ್ಲ, ಪ್ರಿನ್ಸಿಪಾಲರಿಲ್ಲ, ಹುಡುಗುರಿಲ್ಲ. ಅಪ್ಪ, ಮಗ, ಇಬ್ಬರೇ.

"ಏನೂ ಇಲ್ಲಪ್ಪಾ ಅದರಾಗ" ಅಂದ. "ನಿಂತದ್ದು ನಿಂತಂಗೇ ಅದ."

"ನನಗ ಮೊದಲೇ ಗೊತ್ತಿತ್ತು" ಅಂದ್ರು ರಾಯರು, ಅಡಿಕಿ ಹೋಳು ಬಾಯಿಗಿ ಹಾಕ್ಕೋತ. "ಆ ಮೇಡಂಗ ಏನು ತಿಳಿತದ!"

ಇಬ್ಬರೂ ನಕ್ಕರು. ಅಪ್ಪ ಜೋರಾಗಿ ನಕ್ಕ, ಮಗ ಅಪ್ಪಗಿಂತ ಜೋರಾಗಿ ನಕ್ಕ.